ಮೀಟರಿನ ಕೆಂಪು ದೀಪ

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಗೇಮ್ ಸೆಂಟರಿನ ರಿಪೇರಿಯವ ಫುಸೇನಿ ಹೊಸ ಗ್ರಾಫಿಕ್ಸ್ ಕಾರ್ಡಿನ ಮುಚ್ಚಳ ಬಿಚ್ಚಿದ. ಒಳಗಿದ್ದ ಚಿಪ್ ನಾಲ್ಕು ವರ್ಷ ಹಳೆಯದು.

ಅದನ್ನು ಅವನೇ ಹೋಗಿ ಯಜಮಾನ ಬೊಚ್ವೆಗೆ ಹೇಳಿದ. ಅದೇ ತಪ್ಪಾಯಿತು. ಬೊಚ್ವೆ ತನ್ನ ಗೇಮ್ ಸೆಂಟರಿನಿಂದ ಬೀದಿಗೆ ಬಂದು, ಅರ್ಧ ಡಾನ್ಸೊಮನ್ ಬಡಾವಣೆಗೆ ಕೇಳುವಂತೆ "ಫುಸೇನಿ ಕಳ್ಳ" ಎಂದು ಕೂಗಿದ. ಎದುರಿಗೆ ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ಮಾರುವ ಹೆಂಗಸು ಪಾತ್ರೆಯ ಮುಚ್ಚಳ ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು.

ಕಾರ್ಡು ಬೊಚ್ವೆಯದಲ್ಲ. ಆಮದು ಮಾಡುವವರು ಐದು ದಿನ ಪರೀಕ್ಷೆಗೆಂದು ಕೊಟ್ಟದ್ದು. ಅದರ ಬೆಲೆಗೆ ಎರಡು ಮೋಟಾರ್ ಸೈಕಲ್ ಬರುತ್ತವೆ. ಅಷ್ಟು ಹಣ ಸುರಿಯಲು ತಕ್ಕದ್ದಾದರೆ ಅಂಥ ಹನ್ನೆರಡು ಕೊಳ್ಳುವುದು, ಇಲ್ಲದಿದ್ದರೆ ಶುಕ್ರವಾರ ಸಂಜೆ ಐದಕ್ಕೆ ವಾಪಸು ಕೊಡುವುದು ಎಂದು ಮಾತಾಗಿತ್ತು. ಫುಸೇನಿಯ ಸಂಕಟ ಬೇರೆ. ಬರುವ ಸೋಮವಾರ ಅವನು ತನ್ನದೇ ರಿಪೇರಿ ಅಂಗಡಿ ತೆರೆಯಬೇಕಿತ್ತು. ಕಳ್ಳ ಎನಿಸಿಕೊಂಡವನ ಕೈಗೆ ಯಾರು ಸಾಮಾನು ಕೊಡುತ್ತಾರೆ?

* * *

ಬೊಚ್ವೆ ಸೆಂಟರಿಗೆ ಕರೆಸಿದ ಇನ್ಸ್‌ಪೆಕ್ಟರ್ ಎಸಿನಾಮ್, ಅವನು ಕುರ್ಚಿ ಕೊಟ್ಟರೂ ಕೂರಲಿಲ್ಲ. ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಲೇ ಕೇಳಿದಳು.

"ಯಾಕೆ ಬಿಚ್ಚಿದೆ?"

"ಮೀಟರ್ ನೋಡಿ ಅನುಮಾನ ಬಂತು, ಮೇಡಂ. ಈ ಕಾರ್ಡು ಕರೆಂಟ್ ಕುಡಿಯೋ ರಾಕ್ಷಸ. ಸೋಮವಾರ ಹಾಕಿದಾಗ ಮೀಟರಿನ ಕೆಂಪು ದೀಪ ಪಟಪಟ ಅಂತ ಹೊಡ್ಕೊಳ್ತಿತ್ತು. ಬುಧವಾರ ನೋಡಿದ್ರೆ ಹಳೇ ಕಾರ್ಡಿನಷ್ಟೇ ನಿಧಾನ."

"ಪರದೆ ಮೇಲೆ ಹೊಸದರ ಹೆಸರೇ ಬರ್ತಿದೆಯಲ್ಲ?"

"ಕಾರ್ಡಿನೊಳಗೆ ಬರೆದಿರೋ ಹೆಸರು ಅಳಿಸಿ ಬೇರೆ ಬರೀಬೋದು. ಹೊರಗಿನ ಕವಚ ಎರಡಕ್ಕೂ ಒಂದೇ ಥರ. ಹೊಟ್ಟೆ ಮಾತ್ರ ಸುಳ್ಳು ಹೇಳಲ್ಲ."

"ನೋಡಿದ್ರಾ, ಎಲ್ಲಾ ಗೊತ್ತು ಇವನಿಗೆ," ಎಂದ ಬೊಚ್ವೆ. "ಇವನೇ ಕದ್ದು ಇವನೇ ನಾಟಕ ಆಡ್ತಿದಾನೆ."

"ಇನ್ಯಾರು ಮುಟ್ಟಿದ್ರು?" ಎಂದಳು ಎಸಿನಾಮ್.

ಇಬ್ಬರು. ಒಬ್ಬ ಲರ್ಬಿ, ಹೊಸ ಯಂತ್ರಗಳ ಬಗ್ಗೆ ವಿಡಿಯೋ ಮಾಡುವವನು. ಮಂಗಳವಾರ ಮಧ್ಯಾಹ್ನವೆಲ್ಲ ಹಿಂದಿನ ಕೋಣೆಯಲ್ಲಿ ಕಾರ್ಡಿನ ಚಿತ್ರೀಕರಣ ಮಾಡಿದ್ದ. 'ಬೆಲೆಗೆ ತಕ್ಕದ್ದಲ್ಲ, ಹಳೆಯದೇ ಸಾಕು' ಎಂದು ಬುಧವಾರ ವಿಡಿಯೋ ಬಿಟ್ಟಿದ್ದ. ಇನ್ನೊಬ್ಬ ಜೋಜೋ, ಸೆಂಟರಿನ ಅತಿ ಚುರುಕಿನ ಆಟಗಾರ. ಬುಧವಾರ, ಗುರುವಾರ ಅದರಲ್ಲಿ ಆಡಿದ್ದ. ಈ ಕಾರ್ಡು ಸಿಕ್ಕರೆ ಊಟ ನಿದ್ದೆ ಬೇಡ ಎಂದು ಮೊದಲೇ ಹೇಳಿಕೊಂಡು ತಿರುಗಿದವನು.

ಎಸಿನಾಮ್ ಹಳೇ ಸಾಮಾನಿನ ವ್ಯಾಪಾರಿಗಳಿಗೆ ನಾಲ್ಕು ಫೋನ್ ಮಾಡಿದಳು. ಅಂಥ ಕಾರ್ಡು ಯಾರೂ ಮಾರಲು ತಂದಿರಲಿಲ್ಲ.

"ಮಾರಿಲ್ಲ ಅಂದ್ರೆ ಬಳಸ್ತಿದಾರೆ. ಬಳಸಿದ್ರೆ ಅಲ್ಲೂ ಒಂದು ಮೀಟರ್ ಇರತ್ತೆ. ಫುಸೇನಿ, ನಿನ್ನ ಮನೇಲಿ ಏನೇನಿದೆ?"

"ಒಂದು ಬಲ್ಬು, ಒಂದು ಫ್ಯಾನು, ಮೇಡಂ."

"ಜೀಪ್ ಹತ್ತು."

"ಬೇಡಿ ಹಾಕಲ್ವಾ?" ಎಂದ ಬೊಚ್ವೆ.

"ಐದು ಗಂಟೆವರೆಗೆ ತಡ್ಕೊಳ್ಳಿ."

* * *

ಮೊದಲು ನೋಡಿದ ಫುಸೇನಿ ಮನೆಯ ಮೀಟರಿನ ದೀಪ ಅಪರೂಪಕ್ಕೊಮ್ಮೆ ಮಿನುಗುತ್ತಿತ್ತು. ಜೋಜೋ ಮನೆಯದು ಹುಚ್ಚು ಹಿಡಿದಂತೆ ಮಿನುಗುತ್ತಿತ್ತು. ಎಸಿನಾಮ್ ದಡದಡನೆ ಒಳನುಗ್ಗಿದಳು.

ಒಳಗೆ ಅವನ ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ನಾಳೆಯ ಉತ್ತರಕ್ರಿಯೆಗೆ ಮನೆಮಂದಿ ಉಡಬೇಕಾದ ಕಪ್ಪು, ಕೆಂಪು ಶೋಕದ ಬಟ್ಟೆಯ ರಾಶಿಯೇ ಬಿದ್ದಿತ್ತು. ಇಸ್ತ್ರಿಪೆಟ್ಟಿಗೆ ಆರಿಸಿದಾಗ ದೀಪ ನಿಧಾನವಾಯಿತು.

"ಮನೇಲಿ ಕಂಪ್ಯೂಟರ್ ಇದ್ದಿದ್ರೆ ಬೊಚ್ವೆ ಹತ್ರ ಯಾಕೆ ಹೋಗ್ತಿದ್ದೆ ಮೇಡಂ?" ಎಂದ ಜೋಜೋ. "ಆಡಿದಾಗ ಸಪ್ಪೆ ಅನ್ನಿಸ್ತು. ಲರ್ಬಿ ಆಗ್ಲೇ ಹೇಳಿದ್ನಲ್ಲ, ಇಷ್ಟೇ ಇರ್ಬೇಕು ಅಂತ ಸುಮ್ನಾದೆ."

ಗಂಟೆ ಮೂರಾಗಿತ್ತು. ಫುಸೇನಿ ಜೀಪಿನಲ್ಲಿ ಬೆರಳು ಹಿಸುಕಿಕೊಳ್ಳುತ್ತಾ ಕೂತಿದ್ದ.

* * *

ಲರ್ಬಿ ಇದ್ದ ವಠಾರದಲ್ಲಿ ಆರು ಕೋಣೆ, ಒಂದೇ ಮೀಟರು. ಅಂಗಳದಲ್ಲಿ ಜಗಳ ಜೋರಾಗಿತ್ತು. ಮೀನು ಮಾರುವ ಮಾಮೆ ಎಫುವಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನನ್ನ ಫ್ರೀಜರ್ ಕರೆಂಟ್ ತಿನ್ನತ್ತಂತೆ. ನಿನ್ನೆಯಿಂದ ಆರಿಸಿಟ್ಟಿದೀನಿ, ಮೀನೆಲ್ಲ ಕೊಳೀತು. ಆದ್ರೂ ಮುಂಗಡ ದುಡ್ಡು ಕಟ್ಟಿ ಹಾಕಿಸಿದ ಯೂನಿಟ್ ಖಾಲಿ ಆಗ್ತಾನೇ ಇದೆ."

"ಯಾವತ್ತಿಂದ?"

"ಮಂಗಳವಾರ ರಾತ್ರಿಯಿಂದ."

"ಫ್ರೀಜರ್‌ದೇ ತಪ್ಪು ಅಂದಿದ್ಯಾರು?"

"ಲರ್ಬಿ. ತಿಳಿದವನು ಅಂತ ಎಲ್ರೂ ನಂಬಿದ್ರು."

ಎಸಿನಾಮ್ ಒಂದೊಂದೇ ಕೋಣೆಯ ಸ್ವಿಚ್ ಆರಿಸುತ್ತಾ ಹೋದಳು. ಐದು ಕೋಣೆ ಆರಿದರೂ ಕೆಂಪು ದೀಪ ನಿಲ್ಲಲಿಲ್ಲ. ಆರನೆಯದರ ಬಾಗಿಲು ತಟ್ಟಿದಳು. ತೆರೆದಾಗ ಒಲೆಯ ಬಾಯಿಯಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಲರ್ಬಿ ಬೆವರಿನಲ್ಲಿ ತೊಯ್ದಿದ್ದ. ಹಿಂದೆ ಪರದೆಯ ಮೇಲೆ ಆಟ ನಡೆದೇ ಇತ್ತು.

ಫುಸೇನಿ ಯಂತ್ರ ಬಿಚ್ಚಿದ. ಆಮದುದಾರರು ಕಾರ್ಡಿನ ಜೊತೆ ಕೊಟ್ಟ ಚೀಟಿಯಲ್ಲಿದ್ದ ಸಂಖ್ಯೆಯೇ ಇದರ ಒಳಗೂ ಇತ್ತು.

"ಮಂಗಳವಾರ ಸೆಂಟರಿನ ಹಿಂದಿನ ಕೋಣೇಲಿ ನೀನೊಬ್ನೇ ಇದ್ದೆ," ಎಂದಳು ಎಸಿನಾಮ್. "ನಿನ್ನ ಹಳೇ ಕಾರ್ಡಿಗೆ ಹೊಸ ಹೆಸರು ಬರ್ಕೊಂಡೇ ಬಂದಿದ್ದೆ. ಅದನ್ನ ಅಲ್ಲಿಟ್ಟು ಇದನ್ನ ಚೀಲಕ್ಕೆ ಹಾಕ್ಕೊಂಡೆ. ಆಡೋರಿಗೆ ಸಪ್ಪೆ ಅನ್ನಿಸಿದ್ರೆ ಅನುಮಾನ ಪಡಬಾರದಲ್ಲ, ಅದಕ್ಕೇ ಬೆಲೆಗೆ ತಕ್ಕದ್ದಲ್ಲ ಅಂತ ಮೊದ್ಲೇ ಸಾರಿದೆ. ಬೊಚ್ವೆ ಬೇಡ ಅಂತ ವಾಪಸು ಕೊಟ್ಬಿಡ್ತಾರೆ, ಯಾರೂ ಬಿಚ್ಚಲ್ಲ ಅಂದ್ಕೊಂಡೆ. ಫುಸೇನಿ ಮೀಟರ್ ನೋಡೋನು ಅಂತ ನಿಂಗೆ ಗೊತ್ತಿರ್ಲಿಲ್ಲ. ಅಲ್ಲಿ ನಿಧಾನ ಆದ ದೀಪ ಇಲ್ಲಿ ಜೋರಾಯ್ತು."

ಲರ್ಬಿ ತಲೆ ತಗ್ಗಿಸಿದ.

"ಬೆಲೆಗೆ ತಕ್ಕದ್ದಲ್ವಂತೆ," ಎಂದಳು ಮಾಮೆ ಎಫುವಾ. "ಮೂರು ದಿನದಿಂದ ಅದರ ಮುಂದಿಂದ ಎದ್ದಿಲ್ಲ, ಪುಣ್ಯಾತ್ಮ."

* * *

ನಾಲ್ಕೂವರೆಗೆ ಫುಸೇನಿ ಸೆಂಟರಿನ ಯಂತ್ರಕ್ಕೆ ಅಸಲಿ ಕಾರ್ಡು ಕೂರಿಸಿದ. ಮೀಟರಿನ ದೀಪ ಪಟಪಟ ಹೊಡೆದುಕೊಂಡಿತು. ಬೊಚ್ವೆ ಪರದೆಯಿಂದ ಕಣ್ಣು ಕೀಳಲಿಲ್ಲ.

"ಬೆಲೆಗೆ ತಕ್ಕದ್ದೇ, ಅಲ್ವೇನೋ?"

"ತಕ್ಕದ್ದೇ, ಯಜಮಾನ್ರೇ."

"ಹಾಗಾದ್ರೆ ಹನ್ನೆರಡು ತರಿಸ್ತೀನಿ. ನೀನೇ ಕೂರಿಸ್ಕೊಡು."

ಫುಸೇನಿ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡ. "ಬೆಳಿಗ್ಗೆ ಬೀದೀಲಿ ನಿಂತು ಒಂದು ಮಾತಂದ್ರಿ. ಅಲ್ಲೇ ನಿಂತು ಇನ್ನೊಂದು ಮಾತು ಅನ್ಬೇಕು. ಆಮೇಲೆ ಕೂರಿಸ್ತೀನಿ."

ಬೊಚ್ವೆ ಇನ್ಸ್‌ಪೆಕ್ಟರ್ ಕಡೆ ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಅವನು ಹೊರಗೆ ಹೋಗಿ ನೆಲಕ್ಕೆ ಹೇಳುವಂತೆ ಹೇಳಿದ.

"ಫುಸೇನಿ ಕಳ್ಳ ಅಲ್ಲ."

"ಬೆಳಿಗ್ಗೆ ಇನ್ನೂ ಜೋರಾಗಿ ಕೇಳಿಸ್ತಿತ್ತು," ಎಂದಳು ಕೆಂಕೆಯವಳು.

ಬೊಚ್ವೆ ತಲೆಯೆತ್ತಿ ಇನ್ನೊಮ್ಮೆ ಕೂಗಿದ. ಈ ಸಲ ಬೀದಿಯ ಕೊನೆಯವರೂ ತಿರುಗಿ ನೋಡಿದರು.

ಫುಸೇನಿ ಮೆಟ್ಟಿಲಿಳಿದು ಬಂದ. ಕೆಂಕೆಯವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಬೆಂಚಿನ ಕೆಳಗಿನಿಂದ ಕೆಟ್ಟುಹೋದ ರೇಡಿಯೋ ತೆಗೆದು ಅವನ ಕೈಗಿಟ್ಟಳು.

"ಸೋಮವಾರ ಅಂಗಡಿ ತೆಗೀತೀಯಂತಲ್ಲಪ್ಪ. ಮೊದ್ಲು ಇದನ್ನ ನೋಡು."