ಕೆಮ್ಮು ಕೇಳಿಸಿಕೊಂಡವನು

"ಇಲ್ಲಿ ನನ್ನ ಹೆಸರು ಬರೆದ ಪುಣ್ಯಾತ್ಮ ಯಾರು?"

ನೂಲಿನ ಗಿರಣಿಯ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನೇ ಅವಳು ಕೇಳಿದಳು. ಕೆಲಸಗಾರರಿಗೆ ಉಸಿರಿನ ತಪಾಸಣೆ, ಉಚಿತ. ಆದರೂ ಅದರಲ್ಲಿದ್ದುದು ಅವಳದೊಂದೇ ಹೆಸರು.

"ನಾನು." ಹಿಂದೆ ಮೇಸ್ತ್ರಿ ನಿಂತಿದ್ದ.

ಅವಳ ಮೈ ಉರಿಯಿತು. "ಯಾರನ್ನ ಕೇಳಿ ಬರೆದ್ರಿ?"

"ಮೂರು ತಿಂಗಳಿಂದ ಕೆಮ್ತಿದ್ದೀರಿ."

"ಸುಳ್ಳು."

"ಯಂತ್ರ ಶುರುವಾದ ಮೇಲಷ್ಟೇ ಕೆಮ್ತೀರಿ, ಸದ್ದಲ್ಲಿ ಮುಚ್ಚಿಹೋಗ್ಲಿ ಅಂತ. ಸದ್ದು ಕೇಳಿ ಯಂತ್ರದ ರೋಗ ಹೇಳೋನು ನಾನು. ಇದು ಕೇಳ್ಸಲ್ವಾ?"

ಮೂರು ತಿಂಗಳಿಂದ ನನ್ನನ್ನೇ ಆಲಿಸುತ್ತಿದ್ದನೇ...? ಅರಳಹೊರಟ ಮನಸ್ಸನ್ನು ಅವಳು ಅಲ್ಲೇ ಅದುಮಿದಳು.

"ಹೋದ ವರ್ಷ ದೊಡ್ಡಕ್ಕನ್ನೂ ಹೀಗೇ ನಯವಾಗಿ ಮಾತಾಡಿ ತಪಾಸಣೆಗೆ ಕಳಿಸಿದ್ರಿ. ವಾರದೊಳಗೆ ಅವಳ ಯಂತ್ರ ಕಿತ್ಕೊಂಡು ನೂಲಿನ ಲಡಿ ಕಟ್ಟೋಕೆ ಕೂರಿಸಿದ್ರಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ನನ್ನ ಯಂತ್ರ ಯಾರಿಗೆ, ನಿಮ್ಮ ಅತ್ತೆ ಮಗಳಿಗಾ?"

"ನನಗೆ ಅತ್ತೆ ಮಗಳಿಲ್ಲ," ಎಂದ. ಇನ್ನೇನೋ ಹೇಳಹೊರಟವನು ತುಟಿ ಬಿಗಿದು ಹೊರಟುಹೋದ.

ಊಟದ ಬಿಡುವಿನಲ್ಲಿ ಅವಳು ಇದನ್ನೆಲ್ಲ ಗೆದ್ದವಳಂತೆ ದೊಡ್ಡಕ್ಕನಿಗೆ ವರದಿ ಒಪ್ಪಿಸಿದಳು. ಲಡಿ ಕಟ್ಟುತ್ತಿದ್ದ ಆ ಹಿರಿಯಳ ಕೈ ನಿಂತಿತು.

"ಅವನನ್ನ ಬೈಬೇಡ ಕಣೆ... ಕೂತು ಮಾಡೋ ಕೆಲಸ ಕೊಡು ಅಂತ ನಾನೇ ಕೇಳ್ಕೊಂಡೆ. ಉಸಿರು ಸಾಲ್ತಿರ್ಲಿಲ್ಲ."

"ಮತ್ತೆ ಅವರೇ ತೆಗೆದ್ರು ಅಂದ್ಯಲ್ಲ?"

"ನಿಮ್ಮೆಲ್ಲರ ಮುಂದೆ ಸೋತೆ ಅನ್ನೋಕೆ ನಾಚಿಕೆ. ಯಾರಿಗೂ ಹೇಳಲ್ಲ ಅಂತ ಅವನಿಂದ ಭಾಷೆ ತಗೊಂಡೆ. ಪಾಪ, ವರ್ಷದಿಂದ ನಿಮ್ಮ ಶಾಪ ತಿಂತಿದ್ದಾನೆ."

ಒಬ್ಬಳ ನಾಚಿಕೆ ಹತ್ತು ಬಾಯಿಗಳಲ್ಲಿ ಹಗೆಯಾಗಿ ಬೆಳೆದಿತ್ತು. ಅಂದಿನಿಂದ ಯಾರೊಬ್ಬರೂ ತಪಾಸಣೆಯ ಕೋಣೆಯ ಹೊಸ್ತಿಲು ತುಳಿದಿರಲಿಲ್ಲ.

ಮಧ್ಯಾಹ್ನ ಅವಳು ಆ ಕೋಣೆಯ ಮುಂದಿನ ಬೆಂಚಿನ ಮೇಲೆ ಕುಳಿತಳು. ಮೇಸ್ತ್ರಿ ಬಂದು ಪಕ್ಕದಲ್ಲಿ ಕುಳಿತ.

"ಅಷ್ಟೊಂದು ಅಂದೆನಲ್ಲ, ಒಂದು ಮಾತಾದ್ರೂ ತಿರುಗಿ ಅನ್ನಬಾರದಿತ್ತಾ?" ದನಿಯಲ್ಲಿ ಸಿಟ್ಟಿನ್ನೂ ಆರಿರಲಿಲ್ಲ.

"ಭಾಷೆ ಕೊಟ್ಟಿದ್ದೆ."

"ಕೆಮ್ಮೋರು ಹತ್ತು ಜನ ಇದ್ದಾರೆ. ನನ್ನೊಬ್ಬಳನ್ನೇ ಯಾಕೆ ಬರೆದ್ರಿ?"

"ಅವರನ್ನ ಕೇಳ್ದೆ, ಬೇಡ ಅಂದ್ರು. ನಿಮ್ಮನ್ನ ಕೇಳೋಕೆ ಧೈರ್ಯ ಬರ್ಲಿಲ್ಲ. ನೀವೂ ಬೇಡ ಅಂದಿದ್ರೆ... ನನಗೆ ನಿದ್ದೆ ಹತ್ತುತ್ತಿರ್ಲಿಲ್ಲ."

ಅವಳು ಮುಖ ತಿರುಗಿಸಿದಳು. ಒಳಗಿನಿಂದ ಅವಳ ಹೆಸರು ಕೂಗಿದರು.

"ಎಲ್ಲರೂ ಬಾಗಿಲಲ್ಲಿ ನಿಂತು ನೋಡ್ತಿದ್ದಾರೆ. ಕೆಟ್ಟದ್ದೇನಾದ್ರೂ ಬಂದ್ರೆ ನಾನು ಅಳ್ತೀನಿ, ಅದನ್ನ ನೀವು ನೋಡಬಾರದು. ದಯವಿಟ್ಟು ಎದ್ದು ಹೋಗಿ."

"ಹೋಗಲ್ಲ," ಎಂದ.