ತುರುಬಿನೊಳಗಿನ ಗಂಟು

"ಏಯ್... ಕೂದಲು ಹಿಡಕೋ!"

ಆ ಕೂಗು ಕೇಳಿಸುವಷ್ಟರಲ್ಲಿ ಗೋಪಮ್ಮನ ತುರುಬು ಬಿಚ್ಚಿ ಬಿದ್ದಿತ್ತು. ಸೊಂಟ ದಾಟಿದ ಕೂದಲು. ಪಕ್ಕದಲ್ಲೇ ಯಂತ್ರದ ಚಕ್ರ ತಿರುಗಿಸುವ ಪಟ್ಟಾ ಸರಸರ ಓಡುತ್ತಿತ್ತು. ಅದರ ಗಾಳಿಗೆ ಎದ್ದ ನಾಲ್ಕು ಎಳೆ ಅತ್ತಲೇ ವಾಲಿದ್ದನ್ನು ಅವಳು ಕಣ್ಣಾರೆ ಕಂಡಳು. ಕೈ ಮೇಲೇಳಲಿಲ್ಲ.

ಮರುಕ್ಷಣ ಯಂತ್ರ ನಿಂತಿತು.

ರಾಯಚೂರಿನ ಆ ಹತ್ತಿ ಜಿನ್ನಿನಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲಿನಲ್ಲಿ, ಸುಗ್ಗಿಯ ದಿನಗಳಲ್ಲಿ ಯಂತ್ರ ನಿಲ್ಲಿಸುವುದು ಸಣ್ಣ ಮಾತಲ್ಲ. ಸಾಲಾಗಿ ಕುಳಿತು ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಕೂಗಿ ಯಂತ್ರ ನಿಲ್ಲಿಸಿದ ಫಿಟ್ಟರ್ ಸುಂಕಪ್ಪ ಎಣ್ಣೆಗೈಯಲ್ಲೇ ಓಡಿ ಬಂದ. ಮಾನ್ವಿಯವನು, ಇಪ್ಪತ್ತಾರರ ಹುಡುಗ. ಮಿಲ್ಲಿಗೆ ಸೇರಿ ಇನ್ನೂ ವಾರವಷ್ಟೇ ಆಗಿತ್ತು.

"ಜೀವದ ಮ್ಯಾಲ ಆಸಿ ಇಲ್ಲೇನು ನಿನಗ? ತುರುಬು ಕಟ್ಟಾಕ ಬರಲ್ಲಂದ್ರ ಮನ್ಯಾಗ ಕುಂದರಬೇಕು..."

ಬೈಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಅವನ ಕಣ್ಣು ಅವಳ ಕತ್ತಿನ ಹಿಂದೆ ಹೋಗಿ ನಿಂತಿತ್ತು. ಗೋಪಮ್ಮ ಸರಕ್ಕನೆ ಸೆರಗೆಳೆದು ತಲೆ ಮುಚ್ಚಿಕೊಂಡಳು.

'ನೋಡಿದನಾ? ಯಪ್ಪಾ... ನೋಡೇಬಿಟ್ಟನಾ?'

ಪಟ್ಟಾಕ್ಕೆ ಸಿಕ್ಕಿ ಸಾಯುವುದಕ್ಕಿಂತ ದೊಡ್ಡ ಹೆದರಿಕೆಯೊಂದನ್ನು ಅವಳು ಕತ್ತಿನ ಹಿಂದೆ ಹೊತ್ತು ತಿರುಗುತ್ತಿದ್ದಳು. ತುರುಬಿನ ಬುಡದಲ್ಲಿ ನಿಂಬೆಕಾಯಿ ಗಾತ್ರದ ಒಂದು ಗಂಟು. ಬಾಚಣಿಗೆ ಹೋಗದ, ಬೆರಳಿಗೆ ಬಿಚ್ಚದ ಗಂಟು.

ಒಂದು ಗಂಟಿಗೆ ಇಷ್ಟು ಹೆದರುವುದೇ ಎನ್ನಬೇಡಿ. ದೇವದುರ್ಗದ ಕಡೆಯ ಅರಕೇರಾದಲ್ಲಿ, ಗೋಪಮ್ಮ ಬೆಳೆದ ಮನೆಯಲ್ಲಿ, ಅಂಥ ಗಂಟಿಗೆ ಬೇರೆ ಹೆಸರಿತ್ತು. ಜಟೆ. ಹೆಣ್ಣುಮಗಳ ತಲೆಯಲ್ಲಿ ಜಟೆ ಬಂತೆಂದರೆ ದೇವಿ ಕರೆದಳೆಂದೇ ಲೆಕ್ಕ. ಅದನ್ನು ಬಿಚ್ಚಬಾರದು, ಕತ್ತರಿ ತಾಕಿಸಬಾರದು. ತಾಕಿಸಿದವರು ರಕ್ತ ಕಾರಿ ಸಾಯುತ್ತಾರೆಂದು ಹಿರಿಯರು ಹೇಳುತ್ತಿದ್ದರು.

ತಾಯಿ ಸತ್ತ ಮೇಲೆ ಅವಳನ್ನು ಸಾಕಿದವಳು ದೊಡ್ಡವ್ವ ಶೇಖಮ್ಮ. ಶೇಖಮ್ಮನಿಗೆ ಹದಿನಾಲ್ಕಕ್ಕೇ ಜಟೆ ಬಂದಿತ್ತು. ಮುತ್ತು ಕಟ್ಟಿ ದೇವರಿಗೆ ಬಿಟ್ಟರು. ಆಮೇಲೆ ಅವಳಿಗೆ ಮದುವೆ ಎಂಬುದಾಗಲಿಲ್ಲ. ಯಾರೋ ಬರುತ್ತಿದ್ದರು, ಯಾರೋ ಹೋಗುತ್ತಿದ್ದರು. ಚಿಕ್ಕ ಗೋಪಮ್ಮ ಕೌದಿಯೊಳಗೆ ಕಣ್ಣು ಮುಚ್ಚಿ ಆ ಹೆಜ್ಜೆಗಳನ್ನು ಕೇಳುತ್ತ ಬೆಳೆದವಳು.

ಈಗ, ಹತ್ತೊಂಬತ್ತಕ್ಕೆ, ತನ್ನ ಸರದಿಯೇ?

ಅವಳು ಯಾರಿಗೂ ತೋರಿಸಲಿಲ್ಲ. ಗಂಟು ಕೈಗೆ ಸಿಕ್ಕ ಮೇಲೆ ಎರಡು ತಿಂಗಳಿಂದ ತಲೆ ಬಾಚಿರಲಿಲ್ಲ. ಕೂದಲು ಜಾರಿದಾಗಲೆಲ್ಲ ಇನ್ನಷ್ಟು ಎಣ್ಣೆ ಸವರಿ, ಸುತ್ತಿ, ಬಿಗಿದು ಗಂಟನ್ನು ತುರುಬಿನೊಳಗೆ ಮುಚ್ಚಿಡುತ್ತಿದ್ದಳು. ಒಳಗೆ ಅದು ಬೆಳೆಯುತ್ತಲೇ ಇತ್ತು.

ಸಂಜೆ ಕೂಲಿಗಳ ಮುಕಾದಮ್ ಅಮೀರ್ ಸಾಬ್ ಕರೆದು ಹೇಳಿದ. "ಇನ್ನೊಂದು ಸಲ ತುರುಬು ಬಿಚ್ಚಿದ್ರ ನಿನ್ನ ಕೆಲಸ ಬಂದ್ ನೋಡವ್ವ. ನಿನ್ನ ಹೆಣ ಹೊರಾದು ನನಗ ಬ್ಯಾಡ."

ಕೆಲಸ ಹೋದರೆ ಎಲ್ಲಿಗೆ ಹೋಗಬೇಕು? ಅರಕೇರಾಕ್ಕೆ. ವಾರಕ್ಕೊಮ್ಮೆ ತಪ್ಪದೆ ತಲೆಗೆ ಎರೆಯುವ ದೊಡ್ಡವ್ವನ ಕೈಗಳ ಕೆಳಗೆ! ಆ ರಾತ್ರಿ ಗೋಪಮ್ಮ ರೊಟ್ಟಿ ಹಾಗೇ ಮುಚ್ಚಿಟ್ಟು, ತುರುಬನ್ನು ಮತ್ತೆ ಮತ್ತೆ ಬಿಗಿಯುತ್ತ ಕುಳಿತಳು.

ಅವಳು ಇದ್ದದ್ದು ಖಾಸಿಂ ಬೀಯ ಮನೆಯ ಹೊರಕೋಣೆಯಲ್ಲಿ. ಖಾಸಿಂ ಬೀ ಅದೇ ಮಿಲ್ಲಿನಲ್ಲಿ ಹತ್ತಿ ಆರಿಸುವ ಮುದುಕಿ. ಬಾಯಿ ಜೋರು, ಕರುಳು ಮೆತ್ತಗೆ. ಗೋಪಮ್ಮನಿಗೆ ಅವಳು ನಾನೀ, ಅಜ್ಜಿಯ ಹಾಗೆ.

"ಬಾ ಬೇಟಿ, ನಾ ಕಟ್ಟಿ ತೋರಿಸ್ತೀನಿ."

"ಬ್ಯಾಡ ನಾನೀ... ತಲಿ ಮುಟ್ಟಬ್ಯಾಡ್ರಿ."

"ಮುಟ್ಟಿದ್ರ ಸವೀತದೇನು ನಿನ್ನ ತಲಿ?" ಮುದುಕಿ ಗೊಣಗಿ, ಹಗ್ಗ ಹೊಸೆಯುವ ಒಂದು ಹಿಡಿ ಪುಂಡಿನಾರು ತಂದು ಬಾಗಿಲ ಚಿಲಕಕ್ಕೆ ಕಟ್ಟಿದಳು. "ತಲಿ ಕೊಡಲ್ಲಂದ್ರ ಇದನ್ನರ ನೋಡಿ ಕಲಿ."

ಹೀಗೆ ಚಿಲಕದ ಮುಂದೆ ಪಾಠ ಶುರುವಾಯಿತು.

"ನಿನ್ನ ಕೂದಲು ಉದ್ದ ಅದಾವ, ಆದ್ರ ಎಳಿ ಬಾಳ ಸಣ್ಣವು. ಅದಕ್ಕ ಎಣ್ಣಿ ಸುರುವಿದ್ರ ಜಾರದ ಏನು ಮಾಡ್ತಾವ? ಕಟ್ಟೂ ಮುಂದ ಬರೀ ನೀರಿನ ಕೈ ಆಡಿಸು. ಎರಡು ಪಾಲು ಮಾಡು. ಹಗ್ಗಕ್ಕ ಹಾಕಿದಂಗ ಒಂದು ಗಂಟು, ಅದರ ಮ್ಯಾಲ ಇನ್ನೊಂದು. ಉಳಿದ ತುದಿ ಸುತ್ತಿ ಒಳಗ ತುರುಕು."

ನಾರು ಚಿಲಕದ ಮೇಲೆ ಚೆಂದದ ತುರುಬಾಯಿತು.

"ಇಲ್ಲಾಂದ್ರ ಹಳೀ ಸೀರಿ ಚಿಂದಿ ತಗೋ. ಕೂದಲು ತಿರುವೂ ಮುಂದ ಅದನ್ನೂ ಸೇರಿಸಿ ತಿರುವು. ಬಟ್ಟಿ ಕೂದಲ್ನ ಹಿಡೀತದ. ಸುತ್ತಿ, ಚಿಂದಿ ತುದಿ ಕಟ್ಟಿಬಿಡು. ಅದೂ ಬ್ಯಾಡಂದ್ರ ಒಂದು ಕಡ್ಡಿ ಸಾಕು. ಸುತ್ತಿದ ತುರುಬಿನಾಗ ಚುಚ್ಚಿ, ತಿರುವಿ, ಒಳಗ ನೂಕು. ತೀನ್ ಕಂದೀಲ್ ಬಜಾರದಾಗಿನ ಪಿನ್ನು ಡಜನ್ ತಂದು ಚುಚ್ಚಿದ್ರೂ ಸಣ್ಣ ಕೂದಲು ನಿಲ್ಲಲ್ಲ."

ಗೋಪಮ್ಮ ಬಹಳ ದಿನಗಳ ಮೇಲೆ ಸಣ್ಣಗೆ ನಕ್ಕಳು. ಆಗ ಖಾಸಿಂ ಬೀ ನಾರನ್ನು ಸರ್ರನೆ ಬಿಚ್ಚಿದಳು.

"ಆದ್ರ ದಿನಾ ಸಂಜಿಗೆ ಬಿಚ್ಚಿ ಬಾಚಬೇಕು. ತಿಳೀತೇನು?"

ಆ ನಗು ಅಲ್ಲೇ ಆರಿತು.

ಚಿಂದಿಯ ತುರುಬು ಗಟ್ಟಿಯಾಗಿ ನಿಂತಿತು. ಆದರೆ ಸುಂಕಪ್ಪನ ಕಣ್ಣು ತಪ್ಪಿಸುವುದು ಹೇಗೆ? ಎಣ್ಣೆಡಬ್ಬಿ ಹಿಡಿದು ಸಾಲಿನಲ್ಲಿ ಬಂದಾಗಲೆಲ್ಲ ಅವನ ನೋಟ ಅವಳ ತುರುಬಿಗೇ ಬರುತ್ತಿತ್ತು. 'ಗಂಟು ಹುಡುಕಾಕತ್ತಾನ' ಎಂದು ಅವಳು ಸೆರಗು ಬಿಗಿದುಕೊಳ್ಳುತ್ತಿದ್ದಳು.

ಒಂದು ದಿನ ಅವನು ಅವಳ ಮುಂದೆ ಒಂದು ಬಿದಿರಿನ ಕಡ್ಡಿ ಇಟ್ಟ. ಗೇಣುದ್ದ. ಮರಳುಕಾಗದದಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು.

"ಚಿಂದಿ ಸಡಲಾತಂದ್ರ ಇದು ಚುಚ್ಕೋ. ಅವತ್ತು ಬಾಳ ಬೈದೆ. ಮನಸ್ಸಿನ್ಯಾಗ ಇಟಗೋಬ್ಯಾಡ."

ಅವನು ಹೋದ ಮೇಲೆ ಅವಳು ಕಡ್ಡಿಯನ್ನು ಕೆನ್ನೆಗೆ ತಾಗಿಸಿ ನೋಡಿದಳು. ಒಂದು ಸಿಬಿರೂ ಇರಲಿಲ್ಲ. ಹಾಳು ಮನಸ್ಸು, ಅಷ್ಟು ಹೆದರಿಕೆಯ ನಡುವೆಯೂ ಅವನ ಹೆಜ್ಜೆ ಸಪ್ಪಳಕ್ಕೆ ಕಾಯತೊಡಗಿತು! ಮರುಗಳಿಗೆಗೇ ಬುದ್ಧಿ ಹೇಳಿಕೊಂಡಳು. 'ದೇವಿ ಕರೆದವಳಿಗೆ ಇದೆಲ್ಲ ಯಾಕೆ?'

ಮುಂದಿನ ಸೋಮವಾರ ಸುಂಕಪ್ಪ ರಜೆ ಹಾಕಿದ. ಗುರುವಾರ ಖಾಸಿಂ ಬೀ ಬಾಯಿ ಬಿಟ್ಟಳು.

"ನಿಮ್ಮೂರು ಯಾವುದಂತ ನನ್ನ ಕೇಳಿದ್ದ ಆ ಸುಂಕಪ್ಪ. ಅರಕೇರಾಕ್ಕ ಹೋಗಿ ನಿಮ್ಮ ದೊಡ್ಡವ್ವನ ಕೂಡ ಮಾತಾಡಿ ಬಂದಾನ. ಭಾನುವಾರ ಆಕಿ ಇಲ್ಲಿಗೇ ಬರ್ತಾಳಂತ."

ಹೇಳುವಾಗ ಮುದುಕಿ ತುಟಿಯಲ್ಲೇ ನಗುತ್ತಿದ್ದಳು. ಗೋಪಮ್ಮನಿಗೆ ಆ ನಗು ಕಾಣಲಿಲ್ಲ. ಅವಳ ಕೈಯಲ್ಲಿದ್ದ ನೀರಿನ ತಂಬಿಗೆ ನೆಲಕ್ಕೆ ಬಿತ್ತು.

ಹೇಳಿಬಿಟ್ಟ. ಜಟೆ ಬಂದಿದೆಯೆಂದು ಹೇಳಿಬಿಟ್ಟ. ದೊಡ್ಡವ್ವ ಕರೆದೊಯ್ಯಲು ಬರುತ್ತಿದ್ದಾಳೆ...

ಶುಕ್ರವಾರ ಬೆಳಗ್ಗೆ ಕೋಣೆಯ ಅಗುಳಿ ಹಾಕಿ ಕತ್ತರಿ ಹಿಡಿದಳು. ಗಂಟಿನ ತನಕ ಒಯ್ದಳು. ರಕ್ತ ಕಾರುವ ಮಾತು ನೆನಪಾಯಿತು. ಕತ್ತರಿ ಕೆಳಗಿಟ್ಟು ಮತ್ತೆ ತುರುಬು ಬಿಗಿದಳು.

ಶನಿವಾರ ಊಟದ ಬಿಡುವಿನಲ್ಲಿ ಎಣ್ಣೆ ಪೀಪಾಯಿಗಳ ಹತ್ತಿರ ಅವನನ್ನು ತಡೆದು ನಿಲ್ಲಿಸಿದಳು.

"ನಾ ನಿಮಗ ಏನು ಮಾಡಿದ್ದೆ? ಯಾಕ ಹೇಳಿದ್ರಿ ದೊಡ್ಡವ್ವಗ?"

"ಹೇಳಬಾರದಿತ್ತೇನು?" ಅವನ ಮುಖ ಸಣ್ಣಗಾಯಿತು. "ನಾ ಇಷ್ಟ ಇಲ್ಲಂದ್ರ ಈಗ ಹೇಳು. ಆಕಿ ಬರೂದ್ರಾಗ ತಿಳಿಸ್ತೀನಿ."

"ಇಷ್ಟ...? ನೀವು ನನ್ನ ಜಟಿ ಸುದ್ದಿ ಹೇಳಿಲ್ಲೇನು?"

"ಅದನ್ನ ಯಾಕ ಹೇಳ್ಲಿ? ಗೋಪಮ್ಮನ್ನ ನನಗ ಕೊಡ್ರಿ ಅಂತ ಕೇಳಿದೆ. ಅಷ್ಟಾ."

ಗೋಪಮ್ಮ ಪೀಪಾಯಿಗೆ ಒರಗಿಕೊಂಡಳು.

"ಆದ್ರ... ನೋಡೀರಿ?"

"ಮೊದಲನೇ ದಿನಾನ ನೋಡೀನಿ."

"ನೋಡಿನೂ ಕೇಳಿದ್ರೇನು?"

ಸುಂಕಪ್ಪ ತನ್ನ ಸಾಮಾನಿನ ಪೆಟ್ಟಿಗೆ ತೆರೆದು ಒಂದು ಕಪ್ಪು ಮುದ್ದೆ ತೆಗೆದ. ಕೂದಲಿನಂಥ ನಾರು, ಹಗ್ಗದ ಹಾಗೆ ಹೊಸೆದುಕೊಂಡು ಗಟ್ಟಿಯಾಗಿತ್ತು. ಮುಟ್ಟಿದ ಕೂಡಲೇ ಅವಳ ಬೆರಳು ಹಿಂದೆ ಸರಿಯಿತು. ಕತ್ತಿನ ಹಿಂದಿನ ಗಂಟು ಮುಟ್ಟಿದ ಹಾಗೇ ಇತ್ತು!

"ಯಂತ್ರದ ಬೇರಿಂಗ್‌ನಾಗಿಂದು ಇದು. ಹಾರೋ ಹತ್ತಿ ನಾರಿಗೆ ಎಣ್ಣಿ ಕೂಡಿ ತಿರುಗಿ ತಿರುಗಿ ಹಿಂಗ ಆಗ್ತದ. ವಾರಕ್ಕೊಂದು ತಗೀತೀನಿ. ದಿನಾ ನಿನ್ನ ತಲಿ ಮ್ಯಾಲೂ ಅದಾ ನಾರು ಬೀಳ್ತದ. ಅದಕ್ಕ ನೀ ಎಣ್ಣಿ ಸವರ್ತಿ. ಬಿಚ್ಚದ ಬಿಗೀತಿ."

ಅವಳು ಆ ಮುದ್ದೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು.

"ಬಿಚ್ಚಿದ್ರ ಸಾಯ್ತಾರಂತ... ನಿಮಗ ಅಂಜಿಕಿ ಆಗಲ್ಲೇನು?"

"ಆಗ್ತದ. ನಮ್ಮನ್ಯಾಗೂ ಇದನ್ನಾ ಹೇಳಿ ಬೆಳಸ್ಯಾರ. ಆದ್ರ ಅವತ್ತು ಪಟ್ಟಾದ ಕಡಿ ನಿನ್ನ ಕೂದಲು ಹಾರಿತ್ತಲ್ಲ, ಅಷ್ಟು ಅಂಜಿಕಿ ಇದಕ್ಕ ಆಗಲ್ಲ."

ಭಾನುವಾರ ಬೆಳಗ್ಗೆ ಖಾಸಿಂ ಬೀಯ ಅಂಗಳದಲ್ಲಿ ಗೋಪಮ್ಮ ಗಂಟಿನ ಸಂಗತಿ ಹೇಳಿ ಮೊದಲ ಸಲ ತಲೆ ಒಪ್ಪಿಸಿ ಕುಳಿತಳು. ಮುದುಕಿ ಔಡಲೆಣ್ಣೆ ಬಿಸಿ ಮಾಡಿ ಗಂಟಿಗೆ ಕುಡಿಸಿ, ದಬ್ಬಣದ ಮೊನೆಯಿಂದ ಕೆಳತುದಿಯ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಸುಂಕಪ್ಪ ಕಟ್ಟೆಯ ಮೇಲೆ ಕಾದಿದ್ದ. ಮಧ್ಯಾಹ್ನದ ಬಸ್ಸಿಗೆ ದೊಡ್ಡವ್ವ ಬರುವಷ್ಟರಲ್ಲಿ ಮುಗಿಯಬೇಕಿತ್ತು.

"ಕೈ ತಗೀರಿ."

ಬೆಳಗಿನ ಬಸ್ಸಿಗೇ ಬಂದಿದ್ದಳು ಶೇಖಮ್ಮ. ಹಣೆ ತುಂಬ ಅರಿಶಿನದ ಭಂಡಾರ. ಹೆಗಲ ಮೇಲೆ ಬಟ್ಟೆ ಸುತ್ತಿದ ಜಟೆ.

ಗೋಪಮ್ಮ ಎರಡೂ ಕೈಯಿಂದ ಗಂಟು ಮುಚ್ಚಿಕೊಂಡಳು.

"ದೊಡ್ಡವ್ವಾ... ನನ್ನ ದೇವರಿಗೆ ಬಿಡಬ್ಯಾಡ."

ಸುಂಕಪ್ಪ ಎದ್ದು ಬಂದು ಆ ಕಪ್ಪು ಮುದ್ದೆಯನ್ನು ಶೇಖಮ್ಮನ ಅಂಗೈಯಲ್ಲಿಟ್ಟ.

"ಯವ್ವಾ, ಇದನ್ನ ಒಂದು ಸಲ ಹಿಡೀರಿ. ಮಿಲ್ಲಿನ ಯಂತ್ರದಾಗ ಹುಟ್ಟಿದ ಗಂಟು ಇದು. ಕಬ್ಬಿಣಕ್ಕ ಯಾವ ದೇವಿ ಬರ್ತಾಳ್ರಿ?"

ಶೇಖಮ್ಮ ಅದನ್ನು ಹಿಸುಕಿದಳು, ಉಗುರಿನಿಂದ ಕೆದರಿದಳು. ಆಮೇಲೆ ಗೋಪಮ್ಮನ ಹಿಂದೆ ಬಗ್ಗಿ ನೋಡಿದಳು. ಬಿಚ್ಚಿದ ಗಂಟಿನೊಳಗಿಂದ ಹತ್ತಿಯ ನಾರು ಉದುರಿ ಖಾಸಿಂ ಬೀಯ ಮಡಿಲಲ್ಲಿ ಬಿದ್ದಿತ್ತು.

ಶೇಖಮ್ಮ ಮೆಲ್ಲಗೆ ನೆಲಕ್ಕೆ ಕುಳಿತಳು. ಕೈ ತಾನಾಗಿ ತನ್ನ ಜಟೆಗೆ ಹೋಯಿತು.

"ನಂದೂ ಈಕಿ ಹಂಗ ಸಣ್ಣ ಕೂದಲಾ ಇತ್ತು. ಜಟಿ ಬಂದ ವರ್ಷ ಮೂರು ತಿಂಗಳು ಜ್ವರ. ಹಾಸಿಗಿ ಬಿಟ್ಟು ಎದ್ದಿರಲಿಲ್ಲ. ತಲಿ ಯಾರೂ ಬಾಚಲಿಲ್ಲ..."

ಕೈಯಲ್ಲಿದ್ದ ಮುದ್ದೆಯನ್ನು ತನ್ನ ಜಟೆಯ ಪಕ್ಕ ಹಿಡಿದು ಕೇಳಿದಳು.

"ಹಂಗಾರ ನಂದು?"

ಗೋಪಮ್ಮ ಹಿಂದೆ ತಿರುಗಿ ದೊಡ್ಡವ್ವನ ಮೊಣಕಾಲು ಹಿಡಿದು ಅತ್ತಳು.

ಶೇಖಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ದಬ್ಬಣ ಇಲ್ಲಿ ಕೊಡ್ರಿ. ಈಕಿ ತಲಿ ಬಾಚಿ ಬೆಳಸಿದಾಕಿ ನಾನು."

ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಕೊನೆಯ ಎಳೆ ಬಿಚ್ಚಿತು. ಯಾರೂ ರಕ್ತ ಕಾರಲಿಲ್ಲ. ಶೇಖಮ್ಮ ಬಾಚಣಿಗೆಯನ್ನು ನೆತ್ತಿಯಿಂದ ತುದಿಯವರೆಗೆ ಒಂದೇ ಸಲಕ್ಕೆ ಎಳೆದು, ಸುಂಕಪ್ಪನ ಕಡೆ ನೋಡದೆಯೇ ಹೇಳಿದಳು.

"ನೋಡಪಾ ಹುಡುಗ, ಸೋಮವಾರ ಕೇಳಿದ್ದಿಯಲ್ಲ. ಹೂಂ ಅನ್ನಾಕ ಬಂದಿದ್ದೆ. ಈ ಗಂಟು ನೋಡಿ ಗಂಟಲು ಕಟ್ಟಿತ್ತು. ಈಗ ಹೇಳ್ತೀನಿ, ಹೂಂ."

ಸುಗ್ಗಿ ಮುಗಿಯುವ ಮೊದಲೇ ಮದುವೆಯಾಯಿತು. ಮದುವೆಗೆ ಬಂದ ಶೇಖಮ್ಮನ ಜಟೆ ಹೋಗಿ ಕೂದಲು ಕುತ್ತಿಗೆಯವರೆಗಷ್ಟೇ ಇತ್ತು. ಯಾರು ಕತ್ತರಿಸಿದರೆಂದು ಊರವರು ಕೇಳಿದರೆ 'ನಾನಾ ಕತ್ತರಿಸ್ಕೊಂಡೀನಿ' ಎನ್ನುತ್ತಿದ್ದಳು.

ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ, ಜಿನ್ನಿನ ಬಾಗಿಲಲ್ಲಿ ಸುಂಕಪ್ಪ ಅವಳನ್ನು ತಡೆದ. ಬಿದಿರುಕಡ್ಡಿಯ ತುರುಬನ್ನು ಒಂದು ಸಲ ಅಲುಗಿಸಿ ನೋಡಿದ.

"ಗಟ್ಟಿ ಅದ ಏನು?"

"ಗಟ್ಟಿ ಅದ. ಜಾರಿದ್ರೂ ಯಂತ್ರ ನಿಲ್ಲಸಾಕ ನೀವದೀರಲ್ಲ."

"ಆ ಅಂಜಿಕಿ ನನಗ ಇನ್ನೊಂದು ಸಲ ಬ್ಯಾಡ ಮಾರಾಯ್ತಿ. ಇಲ್ಲಿ ಬಿಗಿಯಾಗಿ ಕಟ್ಕೋ."

"ಮನ್ಯಾಗ?"

ಸುಂಕಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ದಿನಾ ಸಂಜಿಗೆ ಆ ಕಡ್ಡಿ ನಾ ತಗೀತೀನಿ. ಅಂಜಿಕಿ ಇಲ್ಲಲ್ಲ?"

ಗೋಪಮ್ಮ ತಲೆ ತಗ್ಗಿಸಿದಳು. ಕತ್ತಿನ ಹಿಂದೆ ಸೆರಗು ಜಾರಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ಇಲ್ಲ," ಎಂದಳು.