ನಾಲ್ಕು ಪ್ಯಾರಾ ಉತ್ತರ

ಮೇಜು ಕುರ್ಚಿ ವಿನ್ಯಾಸದ ಆ ಆನ್‌ಲೈನ್ ತರಗತಿಯಲ್ಲಿ ವಾರವಾರವೂ ಒಂದೇ ಹೋಮ್‌ವರ್ಕ್: ನಿಮ್ಮ ಕೆಲಸದ ಫೋಟೋ ಹಾಕಿ, ಇಬ್ಬರು ಸಹಪಾಠಿಗಳಿಗೆ ಉತ್ತರ ಬರೆಯಿರಿ. ಉಳಿದವರೆಲ್ಲ "ಸೂಪರ್" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಸೋಫಾ ಬಟ್ಟೆ ಹೊಲಿಯುವ ನಮ್ಮ ದರ್ಜಿ ಹುಡುಗಿ ಹಾಗಲ್ಲ. ಹೇಳುವುದಿದ್ದರೆ ನಾಲ್ಕು ಪ್ಯಾರಾ. ಇಲ್ಲವಾದರೆ "ಚೆನ್ನಾಗಿದೆ", ಮುಗಿಯಿತು.

ಒಂಬತ್ತು ವಾರವೂ ಅವಳಿಂದ ನಾಲ್ಕು ಪ್ಯಾರಾ ಪಡೆದವನು ಒಬ್ಬನೇ, ಒಬ್ಬ ಬಡಗಿ. ಅವನ ಮರುತ್ತರ ಓದುವಾಗ ಅವಳ ಮುಖ ಅರಳುವುದನ್ನು ಅತ್ತಿಗೆ ನೋಡಿಬಿಟ್ಟಿದ್ದಳು.

"ಇವತ್ತಿಗೆ ತರಗತಿ ಮುಗೀತು, ಸಂಜೆ ಆರಕ್ಕೆ ಚರ್ಚೆಯ ಪುಟ ಬಂದ್ ಅಂತೆ? ಆಮೇಲೆ ನಿನ್ನ ಬಡಗಿ ಎಲ್ಲಿ ಸಿಗ್ತಾನೆ?"

"ನನ್ನ ಬಡಗಿ ಅಂತೆ! ಸುಮ್ನಿರಿ ಅತ್ತಿಗೆ."

ಆದರೆ ಅವಳಿಗೇ ಸುಮ್ಮನಿರಲಾಗಲಿಲ್ಲ. ಅವನ ಫೋನ್ ನಂಬರ್ ಇಲ್ಲ, ವಿಳಾಸ ಇಲ್ಲ. ಆರು ದಾಟಿದರೆ ಅವನು ಕೈತಪ್ಪಿದಂತೆಯೇ. ಕೈತಪ್ಪಬಾರದು ಎಂದು ಅವಳ ಜೀವ ಒದ್ದಾಡುತ್ತಿತ್ತು.

ಐದೂವರೆಗೆ ಅವನ ಕೊನೆಯ ಫೋಟೋ ತೆರೆದಳು. ಓದುವ ಮೇಜು, ಜೊತೆಗೊಂದು ಕುರ್ಚಿ. ಕುರ್ಚಿಯ ಕೈಗಳು ಮೇಜಿನ ಅಂಚಿಗೆ ಬಡಿದು ಒಳಗೆ ಸರಿಯುವಂತಿರಲಿಲ್ಲ. ಅಯ್ಯೋ, ಕೂದಲೂ ತೂರದಷ್ಟು ಬಿಗಿಯಾಗಿ ಮರ ಜೋಡಿಸುವವನು ಇಂಥ ಪೆದ್ದು ತಪ್ಪು ಮಾಡುತ್ತಾನೆಯೇ? ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದಳು. ಒಂದೊಂದರಲ್ಲೂ ಸರಿಯಾಗಿ ಒಂದೊಂದೇ ತಪ್ಪು.

"ಬೇಕಂತಲೇ ತಪ್ಪು ಮಾಡ್ತಿದ್ದೀರಾ?" ಎಂದು ಬರೆದಳು.

ಅವನ ಉತ್ತರ ತಕ್ಷಣ ಬಂತು. "ಹೌದು. ತಪ್ಪಿಲ್ಲದಿದ್ರೆ ನೀವು 'ಚೆನ್ನಾಗಿದೆ' ಅಂತ ಹೊರಟುಬಿಡ್ತಿದ್ರಿ. ನನಗೆ ನಾಲ್ಕು ಪ್ಯಾರಾ ಬೇಕಿತ್ತು."

ಎಲಾ ಕಳ್ಳ! ಅವಳಿಗೆ ಕೋಪ ಬರಬೇಕಿತ್ತು, ನಗು ಮೊದಲು ಬಂತು. ತರಗತಿಯ ಮೂವತ್ತು ಜನ ಓದುತ್ತಾರೆ, ಮೇಷ್ಟ್ರೂ ಓದುತ್ತಾರೆ. ಓದಲಿ ಬಿಡಿ.

"ಇನ್ಮೇಲೆ ಮರ ಹಾಳು ಮಾಡ್ಬೇಡಿ. ನೀವಂದ್ರೆ ನನಗೆ ಇಷ್ಟ. ಇದು ನನ್ನ ನಂಬರ್."

ಆರಕ್ಕೆ ಪುಟ ಮುಚ್ಚಿತು. ನಿಮಿಷ ಕಳೆಯುವುದರೊಳಗೆ ಫೋನ್ ಬಡಿದುಕೊಂಡಿತು.

"ಹೇಳಿ, ಈ ಕುರ್ಚಿಗೆ ಏನು ಮಾಡ್ಲಿ?" ಬಡಗಿಯ ದನಿ ಅವಳು ಕೇಳಿದ್ದು ಇದೇ ಮೊದಲು.

ಪ್ಯಾರಾಗಟ್ಟಲೆ ಬರೆದವಳು ಫೋಟೋದ ಕುರ್ಚಿಯನ್ನು ಇನ್ನೊಮ್ಮೆ ನೋಡಿದಳು. ಅತ್ತಿಗೆ ಪಕ್ಕದಿಂದ ತಿವಿದಳು.

"ಏನೂ ಮಾಡ್ಬೇಡಿ," ಎಂದಳು. "ನಾನೇ ಬಂದು ಕೂತು ನೋಡ್ತೀನಿ."